ಹಳೇ ಕಂಪ್ಯೂಟರಿಗೆ ಹೆಚ್ಚು ಹಾರ್ಡ್ ಡಿಸ್ಕ್ ಹಾಕಿದರೆ ಸುಟ್ಟುಹೋಗುತ್ತದೆಯೇ?

ದಸರಾ ಮುಗಿದ ಮೇಲೆ ಮೈಸೂರಿನ ಫೋಟೊ ಸ್ಟುಡಿಯೊಗಳಲ್ಲಿ, ಕ್ಯಾಮೆರಾ ಹವ್ಯಾಸಿಗಳ ಮನೆಗಳಲ್ಲಿ ಒಂದೇ ತಾಪತ್ರಯ: ಹಾರ್ಡ್ ಡಿಸ್ಕ್ ತುಂಬಿದೆ, ಜಂಬೂ ಸವಾರಿಯ ವಿಡಿಯೊ ಇಡಲು ಜಾಗವಿಲ್ಲ. ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಬಿಚ್ಚಿ ನೋಡಿದರೆ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳೂ ಭರ್ತಿ. ಆಗ ಎರಡು ಮಾತು ಕೇಳಿಬರುತ್ತವೆ. 'ಪೋರ್ಟ್ ಮುಗಿದರೆ ಕಂಪ್ಯೂಟರನ್ನೇ ಬದಲಿಸಬೇಕು' ಎಂಬುದು ಒಂದು. 'ಹೆಚ್ಚು ಡಿಸ್ಕ್ ಹಾಕಿದರೆ ಮದರ್‌ಬೋರ್ಡ್ ಸುಟ್ಟುಹೋಗುತ್ತದೆ' ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಸುಡುವ ಅಪಾಯ ಇರುವುದು ನಿಜ, ಆದರೆ ಅದು ಇರುವ ಜಾಗವೇ ಬೇರೆ.

ದುಡ್ಡು ಖರ್ಚು ಮಾಡುವ ಮೊದಲು ಡಿವಿಡಿ ಡ್ರೈವ್ ನೋಡಿ. ವರ್ಷಗಳಿಂದ ಮುಟ್ಟದ ಆ ಡ್ರೈವ್ ಒಂದು ಸಾಟಾ ಪೋರ್ಟನ್ನು ಹಿಡಿದುಕೊಂಡು ಕೂತಿರುತ್ತದೆ. ಅದನ್ನು ತೆಗೆದರೆ ಪೋರ್ಟ್ ಪುಕ್ಕಟೆ.

ಅದೂ ಸಾಲದಿದ್ದರೆ ಸಾಟಾ ಕಾರ್ಡ್ ಇದೆ. ಮದರ್‌ಬೋರ್ಡಿನ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಸಿಕ್ಕಿಸಿದರೆ ಎರಡು, ನಾಲ್ಕು ಅಥವಾ ಹೆಚ್ಚು ಪೋರ್ಟ್ ಸಿಗುತ್ತವೆ. ಚಿಕ್ಕ ಕಾರ್ಡನ್ನು ಉದ್ದದ ಸ್ಲಾಟಿಗೂ ಹಾಕಬಹುದು. 'ವೇಗ ಸಿಗುವುದಿಲ್ಲ' ಎಂಬ ದೂರನ್ನು ಲೆಕ್ಕ ಹಾಕಿ ನೋಡೋಣ. ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಅತಿ ಚಿಕ್ಕ ಸ್ಲಾಟ್ ಸೆಕೆಂಡಿಗೆ 500 ಎಂಬಿವರೆಗೆ ಸಾಗಿಸುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಓದುವುದು ಸಾಮಾನ್ಯವಾಗಿ 150ರಿಂದ 200 ಎಂಬಿ. ಅಂದರೆ ಎರಡು ಡಿಸ್ಕಿಗೆ ಧಾರಾಳ. ಇನ್ನೂ ಹಳೆಯ ಪಿಸಿಐ ಸ್ಲಾಟ್ ಮಾತ್ರ ಇದ್ದರೆ ಎಲ್ಲಕ್ಕೂ ಸೇರಿ 133 ಎಂಬಿಯೇ ಮಿತಿ. ಕೆಲಸ ನಡೆಯುತ್ತದೆ, ನಿಧಾನವಾಗಿ. ವಿಂಡೋಸ್ ಇರುವ ಡಿಸ್ಕನ್ನು ಮದರ್‌ಬೋರ್ಡಿನ ಪೋರ್ಟಿನಲ್ಲೇ ಬಿಡಿ. ಕೆಲವು ಹಳೇ ಯಂತ್ರಗಳು ಕಾರ್ಡಿನಿಂದ ಬೂಟ್ ಆಗುವುದಿಲ್ಲ.

ಈಗ ಸುಡುವ ಪ್ರಶ್ನೆ. ಸಾಟಾ ಡೇಟಾ ಕೇಬಲ್‌ನಲ್ಲಿ ಮಾಹಿತಿ ಮಾತ್ರ ಹರಿಯುತ್ತದೆ. ಡಿಸ್ಕಿಗೆ ಕರೆಂಟ್ ಬರುವುದು ಎಸ್‌ಎಂಪಿಎಸ್‌ನಿಂದ, ಬೇರೆ ಕೇಬಲ್‌ನಲ್ಲಿ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್‌ನಷ್ಟು ಎಳೆಯುತ್ತದೆ. ಆಮೇಲೆ ಹತ್ತು ವ್ಯಾಟ್ ಒಳಗೆ ಇಳಿಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ ನೂರು ವ್ಯಾಟ್ ಹತ್ತಿರ. ಹಳೇ, ಅಗ್ಗದ ಎಸ್‌ಎಂಪಿಎಸ್ ಇಲ್ಲೇ ಕೈಕೊಡುವುದು.

ಅದಕ್ಕಿಂತ ಅಪಾಯಕಾರಿ ಅಗ್ಗದ ಸ್ಪ್ಲಿಟರ್ ಕೇಬಲ್. ನಾಲ್ಕು ಪಿನ್ನಿನ ಹಳೇ ಮೊಲೆಕ್ಸ್ ಕೇಬಲನ್ನು ಸಾಟಾ ಪವರ್‌ಗೆ ಬದಲಿಸುವ ಕೆಲವು ಕನೆಕ್ಟರುಗಳಲ್ಲಿ ತಂತಿಗಳ ಮೇಲೆ ಕರಗಿದ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಒಳಗೆ ತಂತಿಗಳು ಸರಿಯಾಗಿ ಬೇರೆಯಾಗಿ ಕೂರದಿದ್ದರೆ ಶಾರ್ಟ್ ಆಗಿ ಪ್ಲಾಸ್ಟಿಕ್ ಕರಗುತ್ತದೆ, ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಹಿಂದಿನ ಮುಚ್ಚಳ ಬಿಚ್ಚಬಹುದಾದ, ಪ್ರತಿ ತಂತಿಗೂ ಪ್ರತ್ಯೇಕ ಲೋಹದ ಹಿಡಿತವಿರುವ ಕನೆಕ್ಟರ್ ಕೇಳಿ ಕೊಳ್ಳಿ. ಒಂದೇ ಕೇಬಲಿಗೆ ಸರಮಾಲೆಯಂತೆ ಡಿಸ್ಕುಗಳನ್ನು ನೇತುಹಾಕಬೇಡಿ. ಬಿಚ್ಚಿ ಜೋಡಿಸುವ ಕೇಬಲುಗಳ ಎಸ್‌ಎಂಪಿಎಸ್ ಇದ್ದರೆ ಬೇರೆ ಕಂಪನಿಯ ಕೇಬಲನ್ನು ಅದಕ್ಕೆ ಸಿಕ್ಕಿಸಲೇಬೇಡಿ. ನೋಡಲು ಒಂದೇ ತರಹವಿದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಡಿಸ್ಕ್ ಆ ಕ್ಷಣವೇ ಹೋಗುತ್ತದೆ, ಅದರೊಳಗಿನ ಮದುವೆ ಫೋಟೊಗಳ ಸಮೇತ.

ಜೋಡಿಸಿದರೂ ಡಿಸ್ಕ್ ಕಾಣದಿದ್ದರೆ ಗಾಬರಿ ಬೇಡ. ಹೊಸ ಡಿಸ್ಕನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಮ್ಮೆ ಸಿದ್ಧಪಡಿಸಬೇಕು. ಅಲ್ಲಿ ಎಂಬಿಆರ್ ಆರಿಸಿದರೆ 2 ಟಿಬಿ ದಾಟಿದ ಜಾಗ ಸಿಗುವುದಿಲ್ಲ, ಜಿಪಿಟಿ ಆರಿಸಿ. ಆದರೆ ಫೋಟೊಗಳಿರುವ ಹಳೇ ಡಿಸ್ಕ್ ಹಾಕಿದಾಗ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಒಪ್ಪಬೇಡಿ, ತಿಳಿದವರಿಗೆ ತೋರಿಸಿ.

ಎರಡನೇ ಡಿಸ್ಕಿಗೆ ಕಾಪಿ ಮಾಡಿಟ್ಟರೆ ಬ್ಯಾಕಪ್ ಆಯಿತು ಎಂದು ಹಲವರು ನಂಬಿದ್ದಾರೆ. ಎರಡೂ ಡಿಸ್ಕ್ ಒಂದೇ ಎಸ್‌ಎಂಪಿಎಸ್‌ಗೆ ಅಂಟಿಕೊಂಡಿವೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ವೋಲ್ಟೇಜ್ ಏರಿದರೆ ಎರಡೂ ಒಟ್ಟಿಗೆ ಹೋಗಬಹುದು. ಇನ್ನೊಂದು ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ, ಪ್ಲಗ್ ಕಿತ್ತು ಬೀರುವಿನಲ್ಲಿರಲಿ.