ಸ್ಟಾಟಿನ್, ಕೊಲೆಸ್ಟರಾಲ್ ಮತ್ತು ಮಿದುಳಿನ ರಕ್ತಸ್ರಾವ: ಕೆರೂರ ಸೀಮೆಯಿಂದ ಒಂದು ಮರುವಿಚಾರ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ಕೆರೂರ, ಬಾದಾಮಿ ತಾಲ್ಲೂಕಿನ ನೇಕಾರರ ಊರು. ಇಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ ಮನೆಯವರು ಬಾಗಲಕೋಟೆಗೆ ಓಡುತ್ತಾರೆ, ಇಲ್ಲವೇ ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ. ರಕ್ತನಾಳ ಕಟ್ಟಿಕೊಂಡು ಆದ ಲಕ್ವಾ ಯಾವುದು, ನಾಳ ಒಡೆದು ಆದದ್ದು ಯಾವುದು ಎಂಬುದನ್ನು ರೋಗಿಯ ಕೈಕಾಲು ನೋಡಿ ಖಚಿತವಾಗಿ ಹೇಳಲಾಗದು; ಸಿ.ಟಿ. ಸ್ಕ್ಯಾನ್ ಬೇಕು. ಹಾಗೆ ಹೋಗಿ ಬದುಕಿ ಬಂದವರ ಔಷಧಚೀಟಿಯಲ್ಲಿ ಬಹುಮಟ್ಟಿಗೆ ಒಂದು ಸ್ಟಾಟಿನ್ ಇರುತ್ತದೆ. ಕೊಲೆಸ್ಟರಾಲ್ ಇಳಿಸುವ ಈ ಗುಳಿಗೆಯೇ ಮಿದುಳಿನಲ್ಲಿ ರಕ್ತ ಸೋರಲು ಕಾರಣವಾಗಬಹುದೆ ಎಂಬ ಶಂಕೆ ವೈದ್ಯರಲ್ಲೂ ಇದೆ, ರೋಗಿಗಳಲ್ಲೂ ಇದೆ. ಲಭ್ಯ ಪುರಾವೆಗಳನ್ನು ಒಟ್ಟಿಗಿಟ್ಟು ಓದಿದರೆ ಅಪಾಯದ ಮುಖ್ಯ ಮೂಲ ಹಿಡಿತ ತಪ್ಪಿದ ರಕ್ತದೊತ್ತಡದಲ್ಲಿ ಕಾಣುತ್ತದೆ. ಸ್ಟಾಟಿನ್ನಿನ ಪಾಲು ಸಣ್ಣದು. ಅದೂ ಮುಂಚಿತವಾಗಿ ಗುರುತಿಸಬಹುದಾದ ಕೆಲವರಿಗೆ ಸೀಮಿತ. ಈ ನಿಲುವನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಂಕೆ ಹುಟ್ಟಿದ್ದು ಸ್ಟಾಟಿನ್‌ಗಳಿಗಿಂತ ಮೊದಲು. ಯುದ್ಧಾನಂತರದ ಜಪಾನಿನಲ್ಲಿ, ವಿಶೇಷವಾಗಿ ಅಕಿತಾ ಸೀಮೆಯಲ್ಲಿ, ಜನರ ಕೊಲೆಸ್ಟರಾಲ್ ಕಡಿಮೆಯಿತ್ತು, ಉಪ್ಪಿನ ಸೇವನೆ ವಿಪರೀತವಿತ್ತು, ಮಿದುಳಿನ ರಕ್ತಸ್ರಾವದಿಂದ ಸಾಯುವವರು ಬಹಳ ಮಂದಿ ಇದ್ದರು. 1989ರಲ್ಲಿ ಅಮೆರಿಕದಿಂದ ಇನ್ನೂ ಗಟ್ಟಿಯಾದ ಮಾಹಿತಿ ಬಂತು. 35ರಿಂದ 57 ವಯಸ್ಸಿನ 3,50,977 ಪುರುಷರನ್ನು ಆರು ವರ್ಷ ಗಮನಿಸಿದಾಗ, ಒಟ್ಟು ಕೊಲೆಸ್ಟರಾಲ್ 160 ಮಿ.ಗ್ರಾಂ.ಗಿಂತ ಕಡಿಮೆ ಇದ್ದವರಲ್ಲಿ ತಲೆಯೊಳಗಿನ ರಕ್ತಸ್ರಾವದಿಂದ ಆಗುವ ಸಾವು ಮೂರು ಪಟ್ಟು ಹೆಚ್ಚಿತ್ತು. ಆದರೆ ಈ ಹೆಚ್ಚಳ ಕಂಡದ್ದು ಕೆಳಗಿನ ರಕ್ತದೊತ್ತಡ 90 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಮಾತ್ರ. ಈ ಷರತ್ತನ್ನು ಬಿಟ್ಟು ಉಲ್ಲೇಖಿಸಿದಾಗ ಇಡೀ ಅಧ್ಯಯನದ ಅರ್ಥವೇ ತಿರುಗುತ್ತದೆ.

ನಂತರದ ಎರಡು ದೊಡ್ಡ ವೀಕ್ಷಣಾ ಅಧ್ಯಯನಗಳು 2019ರಲ್ಲಿ ಪ್ರಕಟವಾದವು. ಅಮೆರಿಕದ 27,937 ಮಹಿಳೆಯರನ್ನು ಸರಾಸರಿ 19 ವರ್ಷ ಅನುಸರಿಸಿದ ಅಧ್ಯಯನದಲ್ಲಿ, 'ಕೆಟ್ಟ' ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ 70ಕ್ಕಿಂತ ಕಡಿಮೆ ಇದ್ದವರಿಗೆ 100–130ರ ನಡುವೆ ಇದ್ದವರಿಗಿಂತ ರಕ್ತಸ್ರಾವದ ಲಕ್ವಾ ಎರಡು ಪಟ್ಟಿಗಿಂತ ತುಸು ಹೆಚ್ಚು. ಕೇಳಲು ಭಯವಾಗುತ್ತದೆ. ವಾಸ್ತವದಲ್ಲಿ ಅದು ಶೇ. 0.4 ಇದ್ದದ್ದು ಶೇ. 0.8 ಆದ ಲೆಕ್ಕ. ಚೀನಾದ ಕೈಲುವಾನ್ ಗಣಿ ಸಮುದಾಯದ 96,043 ಜನರ ಅಧ್ಯಯನವೂ ಎಲ್‌ಡಿಎಲ್ 70ಕ್ಕಿಂತ ಕೆಳಗೆ ಅಪಾಯ ಏರುವುದನ್ನು ತೋರಿಸಿತು. ಆದರೆ ಔಷಧಿಯಿಂದ ಇಳಿದ ಕೊಲೆಸ್ಟರಾಲ್ ಬೇರೆ, ತಾನಾಗಿಯೇ ಕಡಿಮೆ ಇರುವ ಕೊಲೆಸ್ಟರಾಲ್ ಬೇರೆ. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ದೀರ್ಘಕಾಲದ ಮದ್ಯಸೇವನೆ ಇವೆಲ್ಲ ಕೊಲೆಸ್ಟರಾಲನ್ನು ತಗ್ಗಿಸಬಲ್ಲವು. ಯಕೃತ್ತು ಕೆಟ್ಟರೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಕುಗ್ಗುತ್ತವೆ. ಸಂಶೋಧಕರು ಇವನ್ನು ಲೆಕ್ಕದಲ್ಲಿ ಸರಿದೂಗಿಸಲು ಯತ್ನಿಸುತ್ತಾರೆ, ಪೂರ್ತಿ ತೆಗೆದುಹಾಕಲು ಮಾತ್ರ ಆಗುವುದಿಲ್ಲ.

ಹಾಗಾಗಿ ತೀರ್ಪಿಗೆ ಆಧಾರವಾಗಬೇಕಾದದ್ದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಔಷಧಿ ಹಂಚಿದ ಪ್ರಯೋಗಗಳು. ಅವುಗಳಲ್ಲಿ 2006ರ ಸ್ಪಾರ್ಕಲ್ ಪ್ರಯೋಗ ಮುಖ್ಯವಾದುದು. ಇತ್ತೀಚೆಗೆ ಲಕ್ವಾ ಅಥವಾ ಅದರ ಮುನ್ಸೂಚನೆಯಂಥ ಅಲ್ಪಕಾಲಿಕ ಆಘಾತ ಆಗಿದ್ದ 4,731 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 80 ಮಿ.ಗ್ರಾಂ. ಅಟೊರ್ವಾಸ್ಟಾಟಿನ್, ಉಳಿದವರಿಗೆ ಸಕ್ರಿಯ ಅಂಶವಿಲ್ಲದ ಗುಳಿಗೆ ಕೊಡಲಾಯಿತು. ಸುಮಾರು ಐದು ವರ್ಷಗಳಲ್ಲಿ ನಾಳ ಕಟ್ಟಿಕೊಂಡ ಲಕ್ವಾ ಔಷಧಿ ಪಡೆದವರಲ್ಲಿ 218, ಪಡೆಯದವರಲ್ಲಿ 274. ರಕ್ತಸ್ರಾವದ ಲಕ್ವಾ ಅನುಕ್ರಮವಾಗಿ 55 ಮತ್ತು 33. ಸಾವಿರ ರೋಗಿಗಳಿಗೆ ಇಳಿಸಿ ನೋಡಿದರೆ ಐದು ವರ್ಷದಲ್ಲಿ ಒಂದು ಬಗೆಯ ಲಕ್ವಾ ಸುಮಾರು 24 ಮಂದಿಗೆ ತಪ್ಪಿತು, ಇನ್ನೊಂದು ಬಗೆಯದು ಸುಮಾರು 9 ಮಂದಿಗೆ ಹೆಚ್ಚಾಗಿ ಬಂತು. ನಿವ್ವಳ ಲಾಭ ಸ್ಪಷ್ಟ. ಆದರೂ ಆ ಒಂಬತ್ತು ಮಂದಿ ಯಾರು ಎಂದು ಕೇಳಲೇಬೇಕು.

ಅದಕ್ಕೆ ಉತ್ತರ 2008ರ ಮರುವಿಶ್ಲೇಷಣೆಯಲ್ಲಿದೆ. ಸ್ಟಾಟಿನ್ ಪಡೆದದ್ದು ಅಪಾಯ ಹೆಚ್ಚಿಸಿದ್ದು ನಿಜ. ಆದರೆ ಪ್ರಯೋಗಕ್ಕೆ ಸೇರುವ ಮೊದಲೇ ರಕ್ತಸ್ರಾವದ ಲಕ್ವಾ ಆಗಿದ್ದವರಲ್ಲಿ, ಮತ್ತು ಸ್ರಾವಕ್ಕೆ ಮುಂಚಿನ ಕೊನೆಯ ಭೇಟಿಯಲ್ಲಿ ರಕ್ತದೊತ್ತಡ 160/100 ಮುಟ್ಟಿದ್ದವರಲ್ಲಿ ಅಪಾಯ ಐದಾರು ಪಟ್ಟು ಏರಿತ್ತು. ವಯಸ್ಸಾದವರಲ್ಲಿ, ಪುರುಷರಲ್ಲಿ ಕೂಡ ಹೆಚ್ಚು. ಎಲ್‌ಡಿಎಲ್ ಎಷ್ಟು ಕೆಳಗಿಳಿಯಿತು ಎಂಬುದಕ್ಕೂ ರಕ್ತಸ್ರಾವಕ್ಕೂ ಸಂಬಂಧ ಕಾಣಲಿಲ್ಲ. 2017ರಲ್ಲಿ ಇವೊಲೊಕುಮ್ಯಾಬ್ ಚುಚ್ಚುಮದ್ದಿನ ಪ್ರಯೋಗ 27,564 ರೋಗಿಗಳಲ್ಲಿ ಎಲ್‌ಡಿಎಲನ್ನು 30ರ ಆಸುಪಾಸಿಗೆ ಇಳಿಸಿದಾಗಲೂ ರಕ್ತಸ್ರಾವದ ಲಕ್ವಾ ಏರಲಿಲ್ಲ. ಕೊಲೆಸ್ಟರಾಲ್ ಇಳಿದರೆ ನಾಳದ ಗೋಡೆ ಸವೆದು ಒಡೆಯುತ್ತದೆ ಎಂಬ ಸರಳ ವಿವರಣೆ ಈ ಎರಡು ಫಲಿತಾಂಶಗಳ ಮುಂದೆ ನಿಲ್ಲುವುದು ಕಷ್ಟ.

ರಕ್ತ ಸೋರಿದ ಜಾಗವೂ ಮುಖ್ಯ. ಮಿದುಳಿನ ಆಳದಲ್ಲಿ, ಥಲಾಮಸ್ ಮತ್ತು ಅದರ ನೆರೆಯ ನರಗಂಟುಗಳಲ್ಲಿ ಆಗುವ ಸ್ರಾವಕ್ಕೆ ರಕ್ತದೊತ್ತಡವೇ ಸಾಮಾನ್ಯ ಕಾರಣ. ವೃದ್ಧರಲ್ಲಿ ಮಿದುಳಿನ ಹೊರಪದರದ ಬಳಿ ಆಗುವ ಸ್ರಾವ, ನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಪ್ರೋಟೀನ್ ಶೇಖರವಾಗುವುದರಿಂದ ಬರುವುದುಂಟು. ಮರುಕಳಿಸುವ ಸಂಭವ ಇದಕ್ಕೇ ಹೆಚ್ಚು. ಇಂಥವರಿಗೆ ಸ್ಟಾಟಿನ್ ಮುಂದುವರಿಸಬೇಕೆ ಎಂದು ನರತಜ್ಞರು ಎರಡು ಸಲ ಯೋಚಿಸಬೇಕು. ಆಳದ ಸ್ರಾವದವರಿಗೆ ಮೊದಲು ಒತ್ತಡ ಇಳಿಯಬೇಕು.

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಸಣ್ಣದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಅವರು ಪ್ರಮುಖ ಪಾತ್ರ ವಹಿಸಿದ ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲಿ (2010, 2016) ರಕ್ತಸ್ರಾವದ ಲಕ್ವಾಕ್ಕೆ ಅತಿ ದೊಡ್ಡ ಕಾರಣವಾಗಿ ಕಂಡದ್ದು ರಕ್ತದೊತ್ತಡ. ಅದೇ ಸಂಸ್ಥೆ ಸಂಯೋಜಿಸಿ 2009ರಲ್ಲಿ ಪ್ರಕಟವಾದ ಭಾರತೀಯ ಪಾಲಿಕ್ಯಾಪ್ ಅಧ್ಯಯನ ರಕ್ತದೊತ್ತಡದ ಮೂರು ಔಷಧಿ, ಸಿಮ್ವಾಸ್ಟಾಟಿನ್, ಆಸ್ಪಿರಿನ್ ಎಲ್ಲವನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿ 2,053 ಜನರಲ್ಲಿ ಪರೀಕ್ಷಿಸಿತು. ಅಲ್ಲಿ ಸ್ಟಾಟಿನ್ನಿನ ಜೊತೆಗೆ ಒತ್ತಡ ಇಳಿಸುವ ಔಷಧಿಗಳೂ ಇದ್ದವು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಜೋಡಿ ಬೇರೆ: 75 ಮಿ.ಗ್ರಾಂ. ಆಸ್ಪಿರಿನ್ ಮತ್ತು 10 ಅಥವಾ 20 ಮಿ.ಗ್ರಾಂ. ಅಟೊರ್ವಾಸ್ಟಾಟಿನ್. ಕೆಲವದರಲ್ಲಿ ಕ್ಲೊಪಿಡೊಗ್ರೆಲ್ ಕೂಡ ಇರುತ್ತದೆ. ಒತ್ತಡದ ಔಷಧಿ ಇರುವುದಿಲ್ಲ.

ನನ್ನ ಆತಂಕ ಇಲ್ಲಿದೆ. ಆಸ್ಪಿರಿನ್ ಮಿದುಳಿನ ರಕ್ತಸ್ರಾವ ಹೆಚ್ಚಿಸುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಆಸ್ಪ್ರೀ ಪ್ರಯೋಗದ 19,114 ಹಿರಿಯರಲ್ಲಿ ತಲೆಯೊಳಗಿನ ರಕ್ತಸ್ರಾವ ಆಸ್ಪಿರಿನ್ ಪಡೆದವರಲ್ಲಿ ಶೇ. 1.1, ಪಡೆಯದವರಲ್ಲಿ ಶೇ. 0.8. ಹಿಂದೆ ರಕ್ತ ಸೋರಿದ್ದ ರೋಗಿ 'ಕೊಬ್ಬಿನ ಗುಳಿಗೆ' ಎಂದುಕೊಂಡು ಈ ಜೋಡಿ ಕ್ಯಾಪ್ಸೂಲ್ ನುಂಗಿದರೆ ರಕ್ತ ತೆಳು ಮಾಡುವ ಔಷಧಿಯೂ ಗೊತ್ತಿಲ್ಲದೆ ಒಳಗೆ ಹೋಗುತ್ತದೆ. ಮತ್ತೆ ಸ್ರಾವವಾದರೆ ದೂರು ಸ್ಟಾಟಿನ್ನಿನ ಮೇಲೆ ಬರುತ್ತದೆ. ಇನ್ನೊಂದು ತುದಿಯಲ್ಲಿ, ನಾಳ ಕಟ್ಟಿ ಲಕ್ವಾ ಆದವರು ಮಾತು ಕೇಳಿ ಹೆದರಿ ಎಲ್ಲ ಗುಳಿಗೆಗಳನ್ನೂ ಬಿಡುತ್ತಾರೆ. ರೊಟ್ಟಿಯ ಜೊತೆಯ ರಂಜಕ, ಉಪ್ಪಿನಕಾಯಿ ಮಾತ್ರ ತಪ್ಪುವುದಿಲ್ಲ.

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಮತ್ತು ತಾಲ್ಲೂಕು ಆಸ್ಪತ್ರೆಗಳು ಸೇರಿ ಲಕ್ವಾ ನೋಂದಣಿಯೊಂದನ್ನು ನಡೆಸಬೇಕು. ಬೆಂಗಳೂರಿನಲ್ಲಿ ಅಂಥ ದಾಖಲಾತಿ ಸಾಧ್ಯವೆಂದು ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ, ಡಾ. ಜಿ. ಗುರುರಾಜ್ ಮತ್ತಿತರರು 2009ರಲ್ಲೇ ತೋರಿಸಿದ್ದಾರೆ. ಬಿಡುಗಡೆ ಚೀಟಿಯ ಮೊದಲ ಸಾಲಿನಲ್ಲಿ 'ರಕ್ತ ಕಟ್ಟಿದ್ದು' ಅಥವಾ 'ರಕ್ತ ಸೋರಿದ್ದು', ಸೋರಿದ್ದರೆ ಯಾವ ಜಾಗ ಎಂದು ಕನ್ನಡದಲ್ಲಿ ಬರೆಯಲಿ. ರಕ್ತ ಸೋರಿದ ರೋಗಿಗೆ ಸ್ಟಾಟಿನ್ ಬೇಕೆನಿಸಿದರೆ ವೈದ್ಯರು ಅದನ್ನು ಬಿಡಿಯಾಗಿಯೇ ಬರೆಯಲಿ, ಆಸ್ಪಿರಿನ್ ಬೆರೆತ ಕ್ಯಾಪ್ಸೂಲ್ ಬೇಡ. ರೋಗಿಗಳಲ್ಲಿ ನನ್ನ ವಿನಂತಿ ಇಷ್ಟೆ: ಯಾವ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ಬಿಡಬೇಡಿ, ಮತ್ತು ಬಿ.ಪಿ.ಯನ್ನು ತಿಂಗಳಿಗೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ.