ಕೈಯಿಂದ ಸಾಧನೆಯವರೆಗೆ: ಟೆಕ್ಸಾಸ್‌ನಲ್ಲಿ ರೇಖಾಗಣಿತದ ಶಿಕ್ಷಕರು ತಯಾರಾದ ಬಗೆ

ಟೆಕ್ಸಾಸ್‌ನಲ್ಲಿ ರೇಖಾಗಣಿತದ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಕಾಗದ, ಕತ್ತರಿ, ರಬ್ಬರ್ ಬ್ಯಾಂಡುಗಳಿಂದ ಶುರುವಾದದ್ದಲ್ಲ. ಅದರ ಹಿಂದೆ ಕಟ್ಟುನಿಟ್ಟಾದ ತರ್ಕದ ಪರಂಪರೆಯೊಂದಿದೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1884ರಿಂದ 1903ರವರೆಗೆ ಗಣಿತ ಕಲಿಸಿದ ಜಿ. ಬಿ. ಹಾಲ್‌ಸ್ಟೆಡ್, ಯೂಕ್ಲಿಡ್‌ನ ದಾರಿ ಬಿಟ್ಟು ಹೊಸ ರೇಖಾಗಣಿತ ಕಟ್ಟಿದ ಲೊಬಚೆವ್‌ಸ್ಕಿ ಮತ್ತು ಬೊಯಾಯ್ ಅವರ ಬರಹಗಳನ್ನು ಇಂಗ್ಲಿಷಿಗೆ ತಂದವರು. ಅವರ ಶಿಷ್ಯ, ಡಲ್ಲಾಸ್‌ನಲ್ಲಿ ಹುಟ್ಟಿದ ಆರ್. ಎಲ್. ಮೂರ್, 1920ರಿಂದ 1969ರವರೆಗೆ ಅದೇ ಆಸ್ಟಿನ್‌ನಲ್ಲಿ ಪಾಠ ಮಾಡಿದರು. ಅವರ ತರಗತಿಯಲ್ಲಿ ಪುಸ್ತಕ ನೋಡುವಂತಿಲ್ಲ, ಪಕ್ಕದವರನ್ನು ಕೇಳುವಂತಿಲ್ಲ. ಪ್ರಮೇಯವನ್ನು ಅವರು ಹೇಳುತ್ತಿದ್ದರು. ಸಾಧನೆಯನ್ನು ವಿದ್ಯಾರ್ಥಿಯೇ ಹುಡುಕಿ ತಂದು ಬೋರ್ಡಿನ ಮುಂದೆ ನಿಂತು ಒಪ್ಪಿಸಬೇಕಿತ್ತು. ತಾನೇ ಕಂಡುಕೊಂಡದ್ದು ಮಾತ್ರ ತನ್ನದು ಎಂಬ ಆ ನಂಬಿಕೆ ಬೆಲೆಯುಳ್ಳದ್ದು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕಪ್ಪು ವಿದ್ಯಾರ್ಥಿಗಳಿಗೆ ಕಲಿಸಲು ಮೂರ್ ಒಪ್ಪಲಿಲ್ಲ. ಗಣಿತ ವಿಭಾಗವಿರುವ ಕಟ್ಟಡಕ್ಕಿಟ್ಟಿದ್ದ ಅವರ ಹೆಸರನ್ನು ವಿಶ್ವವಿದ್ಯಾಲಯ 2020ರಲ್ಲಿ ತೆಗೆದುಹಾಕಿತು.

ಈ ಪರಂಪರೆ ಶಾಲೆಗೂ ಇಳಿಯಿತು. ಮೂರ್ ಅವರ ಶಿಷ್ಯ ಎಡ್ವಿನ್ ಮೋಯಿಸ್ 1963ರಲ್ಲಿ ಬರೆದ ಪುಸ್ತಕ, ಶಾಲೆಯ ರೇಖಾಗಣಿತವನ್ನು ಮೇಲಿನ ಹಂತದಿಂದ ತಿರುಗಿ ನೋಡುವುದನ್ನು ಭಾವೀ ಶಿಕ್ಷಕರಿಗೆ ಕಲಿಸಿತು. ಮರುವರ್ಷ ಫ್ಲಾಯ್ಡ್ ಡೌನ್ಸ್ ಜೊತೆಗೂಡಿ ಶಾಲಾ ಪಠ್ಯವನ್ನೂ ಬರೆದರು. ವಿಷಯ ಗಟ್ಟಿಯಾಗಿತ್ತು. ಹತ್ತು ವರ್ಷದ ಮಗುವಿನ ಮುಂದೆ ಅದನ್ನು ಹೇಗೆ ಇಡಬೇಕು ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರವಿರಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ. ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಪಿಯೆರ್ ವಾನ್ ಹೀಲೆ, ಡೀನಾ ವಾನ್ ಹೀಲೆ ದಂಪತಿ 1957ರಲ್ಲಿ ತಮ್ಮ ಪ್ರಬಂಧಗಳಲ್ಲಿ, ಮಗು ಮೊದಲು ಆಕೃತಿಯನ್ನು ಇಡಿಯಾಗಿ ಗುರುತಿಸುತ್ತದೆ, ಆಮೇಲೆ ಅದರ ಗುಣಗಳನ್ನು ಬಿಡಿಸಿ ನೋಡುತ್ತದೆ, ಗುಣಗಳ ನಡುವಿನ ನಂಟು ಹಿಡಿದ ಮೇಲಷ್ಟೇ ಸಾಧನೆಗೆ ಕೈಹಾಕುತ್ತದೆ ಎಂದು ತೋರಿಸಿದರು. ಶಿಕ್ಷಕಿ ಒಂದು ಮೆಟ್ಟಿಲ ಮೇಲೆ, ಮಗು ಇನ್ನೊಂದರ ಮೇಲೆ ನಿಂತಿದ್ದರೆ ಮಾತು ತಲುಪುವುದಿಲ್ಲ. 1982ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಜಲ್ಮನ್ ಉಸಿಸ್ಕಿನ್ ಸುಮಾರು 2700 ಹೈಸ್ಕೂಲ್ ವಿದ್ಯಾರ್ಥಿಗಳನ್ನು ಈ ಅಳತೆಗೋಲಿನಿಂದ ಪರೀಕ್ಷಿಸಿದಾಗ, ಅನೇಕರು ಸಾಧನೆಗೆ ಬೇಕಾದ ಮೆಟ್ಟಿಲನ್ನು ತಲುಪದೆಯೇ ರೇಖಾಗಣಿತದ ತರಗತಿಗೆ ಬಂದಿದ್ದರು. ಶಿಕ್ಷಕ ತರಬೇತಿ ನೋಡಿಕೊಳ್ಳಬೇಕಾದದ್ದು ಹೈಸ್ಕೂಲನ್ನಷ್ಟೇ ಅಲ್ಲ, ಮೂರನೇ, ನಾಲ್ಕನೇ ತರಗತಿಯನ್ನೂ ಎಂಬುದು ಇದರಿಂದ ಖಚಿತವಾಯಿತು.

ಕೈಯಿಂದ ಮಾಡಿ ಕಲಿಯುವ ರೇಖಾಗಣಿತಕ್ಕೆ ನಮ್ಮ ಕಡೆಯಿಂದ ಹೋದ ಕಾಣಿಕೆಯೂ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಟಿ. ಸುಂದರ ರಾವ್ 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ಕಾಗದ ಮಡಿಸುವ ರೇಖಾಗಣಿತದ ಪುಸ್ತಕವನ್ನು ಜರ್ಮನಿಯ ಫೆಲಿಕ್ಸ್ ಕ್ಲೈನ್ ಹೆಸರಿಸಿದರು; 1901ರಲ್ಲಿ ಅದು ಷಿಕಾಗೊದಲ್ಲಿ ಮತ್ತೆ ಅಚ್ಚಾಯಿತು. ಶಿಶುವಿಹಾರದ ಮಡಿಕೆ ಕಾಗದವೇ ತಮಗೆ ಪ್ರೇರಣೆ ಎಂದು ಸುಂದರ ರಾವ್ ಅವರೇ ಬರೆದುಕೊಂಡಿದ್ದಾರೆ. 1994ರಲ್ಲಿ ಮೈಕೆಲ್ ಸೆರ‍್ರಾ ಎಂಬ ಅಮೆರಿಕನ್ ಶಿಕ್ಷಕ ಪ್ಯಾಟಿ ಪೇಪರ್ ಬಳಸಿ ಒಂದು ಇಡೀ ಪುಸ್ತಕ ಬರೆದರು. ಹ್ಯಾಂಬರ್ಗರ್ ಅಂಗಡಿಯಲ್ಲಿ ಮಾಂಸದ ಬಿಲ್ಲೆಗಳು ಅಂಟದಿರಲೆಂದು ನಡುವೆ ಇಡುವ ತೆಳು ಕಾಗದ ಅದು. ಆಚೆಯ ಗೆರೆ ಈಚೆಗೆ ಕಾಣುತ್ತದೆ, ಮಡಿಸಿದರೆ ಬಿಳಿ ಗೆರೆ ಉಳಿಯುತ್ತದೆ. ಒಂದು ಬಿಂದುವನ್ನು ಇನ್ನೊಂದರ ಮೇಲೆ ಕೂರಿಸಿ ಮಡಿಸಿದರೆ ಸಾಕು, ಲಂಬಾರ್ಧಕ ಸಿದ್ಧ.

ತರಬೇತಿಯ ಸ್ವರೂಪವೇ ಬದಲಾದದ್ದು 1997ರಲ್ಲಿ, ಆಸ್ಟಿನ್‌ನಲ್ಲಿ ಯುಟೀಚ್ ಎಂಬ ಶಿಕ್ಷಕ ತರಬೇತಿ ಕಾರ್ಯಕ್ರಮ ಶುರುವಾದಾಗ. ಗಣಿತ, ವಿಜ್ಞಾನ ಓದುತ್ತಿರುವವರು ಪದವಿ ಮುಗಿಸಿ ಬಿ.ಎಡ್. ಮಾಡುವ ತನಕ ಕಾಯದೆ, ಮೊದಲ ಕೋರ್ಸಿನಲ್ಲೇ ಅನುಭವಿ ಶಿಕ್ಷಕರ ಕಣ್ಣೆದುರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಟುವಟಿಕೆಯ ಪಾಠ ಮಾಡುತ್ತಾರೆ. ಮುಂದಿನದರಲ್ಲಿ ಮಾಧ್ಯಮಿಕ ಶಾಲೆ. 2007ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ಇದೇ ಮಾದರಿಯಲ್ಲಿ ಟೀಚ್‌ಹ್ಯೂಸ್ಟನ್ ಆರಂಭಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಗೂ ಅದು ಹಬ್ಬಿತು. ಆಗಲೇ ಕೆಲಸದಲ್ಲಿದ್ದ ಶಿಕ್ಷಕರಿಗಾಗಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯ 1987ರಿಂದಲೇ ಶಾಲಾ ಗಣಿತ ಯೋಜನೆ ನಡೆಸುತ್ತಿತ್ತು. 2012ರಲ್ಲಿ ರಾಜ್ಯ ಒಪ್ಪಿದ ಗಣಿತ ಪಠ್ಯಕ್ರಮ, ನಿಜವಸ್ತು, ಕಲಿಕೋಪಕರಣ, ತಂತ್ರಜ್ಞಾನಗಳಲ್ಲಿ ತಕ್ಕದ್ದನ್ನು ಆರಿಸಿಕೊಳ್ಳುವುದನ್ನೂ ಮಕ್ಕಳು ಕಲಿಯಬೇಕಾದ ಸಾಮರ್ಥ್ಯಗಳಲ್ಲಿ ಸೇರಿಸಿತು.

ಇಂಥ ತರಬೇತಿಯಲ್ಲಿ ಒಂದು ಒಳ್ಳೆಯ ಗಂಟೆ ಹೇಗಿರುತ್ತದೆ ಎನ್ನುವುದಕ್ಕೆ ಜಿಯೋಬೋರ್ಡ್ ನೋಡಿ. ಸಾಲಿಗೆ ಐದರಂತೆ ಐದು ಸಾಲು ಮೊಳೆ, ನಮ್ಮ ಚುಕ್ಕಿ ರಂಗೋಲಿಯ ಹಾಗೆ. ಇದರ ಮೇಲೆ ರಬ್ಬರ್ ಬ್ಯಾಂಡಿನಿಂದ ಎಷ್ಟು ಬೇರೆ ಬೇರೆ ಅಳತೆಯ ಚೌಕ ಮಾಡಬಹುದು? 1, 4, 9, 16 ಚದರ ಮಾನದ ನಾಲ್ಕು ಚೌಕ ತಕ್ಷಣ ಹೊಳೆಯುತ್ತವೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಓರೆಯಾಗಿ ಕೂತ ಚೌಕವನ್ನು 'ಅದು ಡೈಮಂಡ್' ಎಂದು ತಳ್ಳುವ ಅಭ್ಯಾಸ ದೊಡ್ಡವರಿಗೂ ಇದೆ. ವಾನ್ ಹೀಲೆ ಹೇಳಿದ ಮೊದಲ ಮೆಟ್ಟಿಲು ಅದೇ. ಓರೆಯನ್ನು ಒಪ್ಪಿಕೊಂಡರೆ 2, 5, 8, 10 ಸೇರಿ ಒಟ್ಟು ಎಂಟು. 5ರ ಚೌಕ ನಿಜಕ್ಕೂ 5 ಎಂದು ಹೇಗೆ ಗೊತ್ತು? ಅದರ ಸುತ್ತ 9ರ ಚೌಕ ಕಟ್ಟಿ, ಮೂಲೆಯ ನಾಲ್ಕು ತ್ರಿಭುಜಗಳನ್ನು ಕಳೆದರೆ ತಿಳಿಯುತ್ತದೆ. ಒಂದೊಂದರ ವಿಸ್ತೀರ್ಣ 1. ಹಾಗೆ ಕಳೆಯುವಾಗ ಪೈಥಾಗೊರಸ್ ಪ್ರಮೇಯ ತಾನಾಗಿ ಮೇಲೆದ್ದು ಬರುತ್ತದೆ. ಆಮೇಲಿನ ಪ್ರಶ್ನೆ: 3ರ ಚೌಕ ಯಾಕೆ ಆಗುತ್ತಿಲ್ಲ? ಇನ್ನೂ ದೊಡ್ಡ ಬೋರ್ಡ್ ಕೊಟ್ಟರೆ ಆದೀತೆ? ಎಷ್ಟು ದೊಡ್ಡದು ಕೊಟ್ಟರೂ ಆಗದು, ಏಕೆಂದರೆ ಎರಡು ಪೂರ್ಣಾಂಕಗಳ ವರ್ಗಗಳನ್ನು ಕೂಡಿ 3 ಮಾಡಲು ಬರುವುದಿಲ್ಲ. ಈ ಮಾತನ್ನು ಯಾವ ರಬ್ಬರ್ ಬ್ಯಾಂಡೂ ಹೇಳಲಾರದು. ಕೈ ಸೋತ ಜಾಗದಲ್ಲಿ ಸಾಧನೆಯ ಅಗತ್ಯ ಹುಟ್ಟುತ್ತದೆ. ಶಿಕ್ಷಕಿಯಾಗುವವಳು ಆ ಜಾಗದಲ್ಲಿ ತಾನೇ ಒಮ್ಮೆ ಒದ್ದಾಡಿರಬೇಕು. ಮೂರ್ ಅವರ ಹಠವೂ ಸುಂದರ ರಾಯರ ಮಡಿಕೆಯೂ ಒಂದನ್ನೊಂದು ಸಂಧಿಸುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಉಪಕರಣಗಳ ಮೇಲೆ ಅತಿಯಾದ ಭರವಸೆ ಬೇಡವೆಂದು ಡೆಬೊರಾ ಬಾಲ್ 1992ರಲ್ಲೇ ಎಚ್ಚರಿಸಿದ್ದರು: ಗಣಿತ ವಸ್ತುವಿನೊಳಗೆ ಅವಿತು ಕೂತಿರುವುದಿಲ್ಲ. ಕರ್ನಾಟಕಕ್ಕೂ ಇದು ತಟ್ಟುವ ಮಾತು. ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ಟಿನಲ್ಲೂ ಜಿಯೋಬೋರ್ಡ್ ಇದೆ. 4, 5ನೇ ತರಗತಿಯ ಮಕ್ಕಳ ಕೈಗೆ ಅದು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಡಯಟ್‌ಗಳಲ್ಲಿ ಶಿಕ್ಷಕ ತರಬೇತಿ ಪಡೆಯುವವರಿಗೆ, ಕಿಟ್ಟಿನ ಪಟ್ಟಿ ಬಾಯಿಪಾಠವಾಗುವ ಮೊದಲು, 3ರ ಚೌಕಕ್ಕಾಗಿ ಒಂದು ಮಧ್ಯಾಹ್ನ ಕೊಡಬೇಕು.

ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನಂಥ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ಕನ್ನಡದ ಮನೆಗಳಿಗೂ ಇಂಥ ತರಬೇತಿಯ ಕೊರತೆಯ ಬಿಸಿ ಮುಟ್ಟಲಿದೆ. ಇತ್ತೀಚಿನ ವರ್ಷಗಳಲ್ಲಿ ಟೆಕ್ಸಾಸ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರಲ್ಲಿ ಸುಮಾರು ಮೂರನೇ ಒಂದು ಭಾಗದವರ ಬಳಿ ಪ್ರಮಾಣಪತ್ರವೇ ಇರಲಿಲ್ಲ. ಅವರಲ್ಲಿ ಉತ್ಸಾಹವಿಲ್ಲವೆಂದಲ್ಲ. ಮಕ್ಕಳೆದುರು ನಿಲ್ಲುವ ಮೊದಲು ಮೊಳೆಹಲಗೆಯ ಮುಂದೆ ಕೂತು ತಪ್ಪು ಮಾಡಲು ಅವರಿಗೆ ಯಾರೂ ಸಮಯ ಕೊಟ್ಟಿರುವುದಿಲ್ಲ. ಮಗುವಿನ ಶಿಕ್ಷಕಿಯನ್ನು ಭೇಟಿಯಾದಾಗ ನಾವು ಅಂಕದ ಜೊತೆಗೆ ಇದನ್ನೂ ಕೇಳಬಹುದು: ಈ ವರ್ಷ ಮಕ್ಕಳು ಕೈಯಾರೆ ಏನು ಕಟ್ಟಿದರು, ಕಟ್ಟಿದ ಮೇಲೆ ಅದರ ಬಗ್ಗೆ ಏನು ವಾದ ಮಾಡಿದರು?