ಹೋಲಿಯೋಕ್, ಜಾರ್ಜ್ ಜೇಕಬ್ (1817-1906)

ಇಂಗ್ಲೆಂಡಿನ ಸಹಕಾರ ಚಳವಳಿಯ ಪ್ರಚಾರಕ, ಇತಿಹಾಸಕಾರ, ವಿಚಾರವಾದಿ ಪತ್ರಕರ್ತ. ಏಪ್ರಿಲ್ 13ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಜನನ. ತಂದೆ ಈಗಲ್ ಎರಕದ ಕಾರ್ಖಾನೆಯಲ್ಲಿ ಲೋಹಗೆಲಸದವ. ತಾಯಿಯದು ಕೊಂಬಿನ ಗುಂಡಿ ತಯಾರಿಸುವ ಕಸುಬು. ಎಳವೆಯಲ್ಲೇ ತಂದೆಯೊಡನೆ ಕಾರ್ಖಾನೆ ಸೇರಿದ ಈತ ಕೆಲಸಗಾರರಿಗಾಗಿ ನಡೆಯುತ್ತಿದ್ದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ, ಸಮಾಜವಾದಿ ಚಿಂತಕ ರಾಬರ್ಟ್ ಓವೆನ್ನನ ವಿಚಾರಗಳಿಗೆ ಮಾರುಹೋಗಿ, 1840ರ ವೇಳೆಗೆ ಆ ಪಂಥದ ಉಪನ್ಯಾಸಕನಾದ.

1842ರಲ್ಲಿ ಧರ್ಮನಿಂದನೆಗಾಗಿ ಜೈಲಿನಲ್ಲಿದ್ದ ಗೆಳೆಯ ಚಾರ್ಲ್ಸ್ ಸೌತ್‌ವೆಲ್ಲನನ್ನು ನೋಡಲು ಬರ್ಮಿಂಗ್‌ಹ್ಯಾಮಿನಿಂದ ಬ್ರಿಸ್ಟಲ್ಲಿಗೆ ಕಾಲ್ನಡಿಗೆಯಲ್ಲಿ ಹೊರಟ. ದಾರಿಯಲ್ಲಿ ಚೆಲ್ಟನಮ್ಮಿನಲ್ಲಿ ಭಾಷಣ ಮಾಡಿದಾಗ ಸಭಿಕನೊಬ್ಬ ದೇವರ ಕುರಿತು ಕೆಣಕಿದ. ಜನ ಇಷ್ಟು ಬಡತನದಲ್ಲಿರುವಾಗ ದೇವರಿಗೂ ಅರ್ಧ ಸಂಬಳ ಗೊತ್ತುಮಾಡಬಹುದೆಂಬ ಅರ್ಥದ ಉತ್ತರ ಕೊಟ್ಟ. ಅದಕ್ಕೆ ಆರು ತಿಂಗಳ ಸೆರೆವಾಸ. ಗ್ಲಾಸ್ಟರ್ ಜೈಲಿನಲ್ಲಿದ್ದಾಗಲೇ ಪುಟ್ಟ ಮಗಳು ಮ್ಯಾಡಲಿನ್ ತೀರಿಕೊಂಡಳು. 1846ರಲ್ಲಿ ದಿ ರೀಸನರ್ ಪತ್ರಿಕೆ ಆರಂಭಿಸಿದ. ಸೆಕ್ಯುಲರಿಸಂ ಎಂಬ ಪದವನ್ನು 1851ರಲ್ಲಿ ಚಲಾವಣೆಗೆ ತಂದವನೂ ಈತನೇ.

ಸಹಕಾರ ಕ್ಷೇತ್ರದಲ್ಲಿ ಈತನ ಹೆಸರು ಉಳಿದಿರುವುದು ಅಂಗಡಿ ಕಟ್ಟಿದ್ದಕ್ಕಲ್ಲ, ಕಟ್ಟಿದವರ ಕಥೆ ಹೇಳಿದ್ದಕ್ಕೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರೂ ಇತರ ಕುಶಲಕರ್ಮಿಗಳೂ 28 ಪೌಂಡ್ ಬಂಡವಾಳ ಕೂಡಿಸಿ, 1844ರ ಡಿಸೆಂಬರ್ 21ರಂದು ಟೋಡ್ ಲೇನಿನಲ್ಲಿ ಅಂಗಡಿ ತೆರೆದಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದರೆ ಉದ್ರಿ ಇಲ್ಲ, ಕಲಬೆರಕೆ ಇಲ್ಲ. ಲಾಭ ಹಂಚುವುದು ಹೂಡಿದ ಹಣಕ್ಕಲ್ಲ, ಕೊಂಡ ಸಾಮಾನಿನ ಮೊತ್ತಕ್ಕೆ ತಕ್ಕಂತೆ. ಹೆಚ್ಚು ಷೇರು ಇದ್ದವನಿಗೂ ಒಂದೇ ಮತ. ಹೋಲಿಯೋಕನ ಸೆಲ್ಫ್-ಹೆಲ್ಪ್ ಬೈ ದಿ ಪೀಪಲ್ (1858) ಈ ಅಂಗಡಿಯ ಚರಿತ್ರೆ. ಸ್ಯಾಮುಯೆಲ್ ಸ್ಮೈಲ್ಸನ ಪ್ರಸಿದ್ಧ ಸೆಲ್ಫ್-ಹೆಲ್ಪ್ ಬಂದದ್ದು ಅದರ ಮರುವರ್ಷ. ಒಬ್ಬಂಟಿಯ ಏಳಿಗೆಯನ್ನು ಹೊಗಳಿದ ಆ ಪುಸ್ತಕವೇ ಜನರ ನೆನಪಿನಲ್ಲಿ ನಿಂತದ್ದು ವಿಚಿತ್ರ. ಆದರೂ ಹೋಲಿಯೋಕನ ಪುಸ್ತಕ ಓದಿ ಬೇರೆ ಊರುಗಳಲ್ಲಿ ಇಂಥ ಅಂಗಡಿಗಳು ಎದ್ದವು, ಹಲವು ಭಾಷೆಗಳಿಗೆ ಅದರ ಅನುವಾದವೂ ಆಯಿತು. ಸ್ಕಾಟ್ಲೆಂಡಿನ ಫೆನಿಕ್ ನೇಕಾರರಂಥವರು ಹದಿನೆಂಟನೆಯ ಶತಮಾನದಲ್ಲೇ ಒಟ್ಟಾಗಿ ದಿನಸಿ ಕೊಂಡು ಹಂಚಿಕೊಂಡಿದ್ದರೂ ಸಹಕಾರದ ತವರು ರಾಚ್‌ಡೇಲೇ ಎಂಬ ಭಾವನೆ ಬೇರೂರಲು ಈತನ ಲೇಖನಿ ದೊಡ್ಡ ಕಾರಣ. ಇತಿಹಾಸಕ್ಕಿಂತ ಪ್ರಚಾರದ ಕಾವು ಅದರಲ್ಲಿ ಹೆಚ್ಚು.

ಲಾಭದಲ್ಲಿ ದುಡಿಯುವವನಿಗೂ ಪಾಲಿರಬೇಕೆಂದು ಈತ ಕೊನೆಯವರೆಗೂ ವಾದಿಸಿದ. ಬಾಲ್ಯದಲ್ಲಿ ಹತ್ತಿ ಗಿರಣಿಯಲ್ಲಿ ದುಡಿದು ಮುಂದೆ ಸಹಕಾರಿ ಸಗಟು ಸಂಘದ ಅಧ್ಯಕ್ಷನಾದ ಜೆ.ಟಿ.ಡಬ್ಲ್ಯು. ಮಿಚೆಲ್ ಇದನ್ನು ಒಪ್ಪಲಿಲ್ಲ. ಲಾಭವೆಲ್ಲ ಗ್ರಾಹಕರಿಗೇ ಸೇರಬೇಕೆಂಬುದು ಆತನ ನಿಲುವು. ಗೆದ್ದದ್ದು ಮಿಚೆಲ್ಲನ ಪಕ್ಷ. ಸೋತವನ ಗೌರವಕ್ಕೇನೂ ಕುಂದು ಬರಲಿಲ್ಲ: 1887ರ ಕಾರ್ಲೈಲ್ ಸಹಕಾರ ಸಮ್ಮೇಳನಕ್ಕೆ ಈತನೇ ಅಧ್ಯಕ್ಷ. 1906ರ ಜನವರಿ 22ರಂದು ಬ್ರೈಟನ್ನಿನಲ್ಲಿ ನಿಧನನಾದ. ಸಹಕಾರ ಒಕ್ಕೂಟವು 1911ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೆರೆದ ಕೇಂದ್ರ ಕಚೇರಿಗೆ ಹೋಲಿಯೋಕ್ ಹೌಸ್ ಎಂದು ಹೆಸರಿಟ್ಟಿತು.